ಮುಂಬೈ, ಮಂಗಳೂರು, ಕುಶಾಲನಗರ: ಮನೆ ಬೆಲೆಯನ್ನು ನಾವು ಹೋಲಿಸಿದ ಬಗೆ

ಮುಂಬೈಯ ಮುಲುಂಡಿನಲ್ಲಿ ನಾವು ಬಾಡಿಗೆಗೆ ಇದ್ದೆವು. ನನ್ನ ತವರು ಕೊಡಗಿನ ಸುಂಟಿಕೊಪ್ಪದ ಹತ್ತಿರ, ಗಂಡನ ಮನೆ ಮಂಗಳೂರು. ಸ್ವಂತಕ್ಕೊಂದು ಮನೆ ಬೇಕು ಅಂತ ಹೊರಟಾಗ ಮೂರು ದಾರಿ ಇತ್ತು. ಮುಲುಂಡಿನಲ್ಲೇ ಫ್ಲ್ಯಾಟ್, ಮಂಗಳೂರಿನಲ್ಲಿ ಫ್ಲ್ಯಾಟ್, ಇಲ್ಲಾಂದ್ರೆ ಕೊಡಗಿನಲ್ಲಿ ಸೈಟ್ ತಗೊಂಡು ಮನೆ ಕಟ್ಟುವುದು. ನನ್ನದು ಲೆಕ್ಕಪತ್ರದ ಕೆಲಸ, ಹೆಚ್ಚಿನ ದಿನ ಮನೆಯಿಂದಲೇ ಆಗುತ್ತದೆ. ನಮ್ಮನೆಯವರಿಗೂ ಮಂಗಳೂರು ಇಲ್ಲವೇ ಮೈಸೂರಿಗೆ ವರ್ಗ ಸಿಗುವ ಹಾಗಿತ್ತು.

"ಕೊಡಗಲ್ಲಾದ್ರೆ ಅರ್ಧ ದುಡ್ಡಿಗೆ ಮನೆ ಆಗುತ್ತೆ" ಅಂತ ಎಲ್ಲರೂ ಹೇಳುತ್ತಿದ್ದರು. ಯಾವುದರ ಅರ್ಧ ಅಂತ ಯಾರೂ ಹೇಳುತ್ತಿರಲಿಲ್ಲ. ಅದನ್ನು ನಾವೇ ಲೆಕ್ಕ ಹಾಕಿ ನೋಡಿದೆವು. ಇಲ್ಲಿರುವ ಬೆಲೆಗಳು ಮಾರುವವರು, ಮೇಸ್ತ್ರಿಗಳು ನಮಗೆ ಹೇಳಿದವು, ದುಂಡು ಮಾಡಿ ಬರೆದಿದ್ದೇನೆ. ನಿಮಗೆ ಸಿಗುವ ಬೆಲೆ ಬೇರೆ ಇರಬಹುದು, ಲೆಕ್ಕ ಹಾಕುವ ದಾರಿ ಇದೇ.

ಮೊದಲು ಅಳತೆ. ಅರ್ಧ ಗೊಂದಲ ಇರುವುದೇ ಇಲ್ಲಿ. ಮುಲುಂಡಿನ ಹಳೆಯ ಸೊಸೈಟಿಯ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ 1.2 ಕೋಟಿ ಹೇಳಿದರು, ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗಿನ ನೆಲ, 600 ಚದರಡಿ. ಮಂಗಳೂರಿನ ಬಿಜೈಯಲ್ಲಿ 70 ಲಕ್ಷ, ಆದರೆ ಅವರು ಹೇಳಿದ 1,150 ಚದರಡಿ ಸೂಪರ್ ಬಿಲ್ಟ್-ಅಪ್. ಅದರಲ್ಲಿ ಲಿಫ್ಟು, ಮೆಟ್ಟಿಲು, ಕಾರಿಡಾರಿನ ಪಾಲೂ ಸೇರಿದೆ. ಕೊಡಗಿನ ಕುಶಾಲನಗರದ ಮೇಸ್ತ್ರಿ ಹೇಳಿದ್ದು ಚದರದ ಲೆಕ್ಕ. ನೂರು ಚದರಡಿಗೆ ಒಂದು ಚದರ, ಚದರಕ್ಕೆ 2.2 ಲಕ್ಷ. ಸುಮ್ನೆ ಕೇಳಿಸಿಕೊಂಡರೆ ಮುಂಬೈಯಲ್ಲಿ ಅಡಿಗೆ 20,000, ಮಂಗಳೂರಿನಲ್ಲಿ ಸುಮಾರು 6,100, ಕುಶಾಲನಗರದಲ್ಲಿ 2,200. ಒಂಬತ್ತು ಪಟ್ಟು ವ್ಯತ್ಯಾಸ! ಆದರೆ ಈ ಮೂರು ಅಂಕಿಗಳೂ ಅಳೆಯುವುದು ಬೇರೆ ಬೇರೆ ವಸ್ತುವನ್ನು.

ಹಾಗಾಗಿ ಮೂರನ್ನೂ ಕಾರ್ಪೆಟ್ ಏರಿಯಾಕ್ಕೆ ತಂದೆವು. ಮನೆ ಕಟ್ಟಿ ಮಾರುವವರಿಗಾಗಿ ಇರುವ 2016ರ ರೇರಾ ಕಾಯ್ದೆ ಇದನ್ನು ಚೆನ್ನಾಗಿ ಬಿಡಿಸಿ ಹೇಳುತ್ತದೆ. ಮನೆಯೊಳಗೆ ಬಳಸುವ ನೆಲ, ಒಳಗಿನ ಗೋಡೆಗಳು ಸೇರುತ್ತವೆ. ಹೊರಗೋಡೆ, ಬಾಲ್ಕನಿ, ತೆರೆದ ತಾರಸಿ ಸೇರುವುದಿಲ್ಲ. ಬಿಜೈಯ ಫ್ಲ್ಯಾಟನ್ನು ನಾವೇ ಟೇಪು ಹಿಡಿದು ಅಳೆದೆವು, 820 ಚದರಡಿ ಬಂತು. ಅಡಿಗೆ 8,500ರ ಮೇಲಾಯಿತು. ಕುಶಾಲನಗರದಲ್ಲಿ 30x40 ಸೈಟಿಗೆ 24 ಲಕ್ಷ, ಹನ್ನೊಂದು ಚದರದ ಮನೆಗೆ 24 ಲಕ್ಷ ಚಿಲ್ಲರೆ. ಬೋರ್‌ವೆಲ್, ಕರೆಂಟು, ಕಾಂಪೌಂಡು, ಶೌಚದ ಗುಂಡಿ, ಪ್ಲಾನ್ ಮಂಜೂರಾತಿ, ತಾರಸಿ ಮೇಲೆ ಮಳೆಗೆ ಶೀಟು ಇಷ್ಟಕ್ಕೆ ಇನ್ನೊಂದು ಆರು ಲಕ್ಷ. ಒಟ್ಟು 54 ಲಕ್ಷ. ಹನ್ನೊಂದು ಚದರದಲ್ಲಿ ಗೋಡೆ ಕಳೆದು ಒಳಗೆ ಸಿಗುವುದು ಸುಮಾರು 900 ಅಡಿ. ಅಡಿಗೆ 6,000. ಒಂಬತ್ತು ಪಟ್ಟು ಇದ್ದ ವ್ಯತ್ಯಾಸ ಮೂರೂಕಾಲಿಗೆ ಇಳಿಯಿತು. ಮಂಗಳೂರಿಗೂ ಕುಶಾಲನಗರಕ್ಕೂ ನಡುವೆ ಇರುವುದು ಅಡಿಗೆ ಎರಡೂವರೆ ಸಾವಿರ ಮಾತ್ರ.

ಇನ್ನೊಂದು ಮಾತು. ಕೊಡಗಿನಲ್ಲಿ ಜಾಗವನ್ನು ಸೆಂಟಿನ ಲೆಕ್ಕದಲ್ಲೂ ಹೇಳುತ್ತಾರೆ. ಒಂದು ಸೆಂಟ್ ಅಂದರೆ 435.6 ಚದರಡಿ. 30x40 ಸೈಟ್ ಎಂದರೆ ಎರಡೂಮುಕ್ಕಾಲು ಸೆಂಟು. ಸೆಂಟಿಗೆ ಇಷ್ಟು ಲಕ್ಷ ಅಂದಾಗ ಕೂಡಲೇ ಅಡಿಗೆ ಇಳಿಸಿ ನೋಡಬೇಕು, ಇಲ್ಲದಿದ್ದರೆ ಅಗ್ಗ ಅನ್ನಿಸಿಬಿಡುತ್ತದೆ.

ಸಿದ್ಧ ಅಂಕಿ ಎಲ್ಲಾದರೂ ಸಿಗುತ್ತದೆಯೇ ಅಂತಲೂ ನೋಡಿದೆ. ರಿಸರ್ವ್ ಬ್ಯಾಂಕು ಮನೆ ಬೆಲೆಯ ಸೂಚ್ಯಂಕ ಕೊಡುತ್ತದೆ. ಅದರಲ್ಲಿ ಮುಂಬೈ, ಬೆಂಗಳೂರು, ಕೊಚ್ಚಿ ಎಲ್ಲ ಇವೆ, ಕೊಡಗಿನ ಯಾವ ಊರೂ ಇಲ್ಲ. ಇದ್ದಿದ್ದರೂ ಈ ಕೆಲಸಕ್ಕೆ ಬರುತ್ತಿರಲಿಲ್ಲ. ಸೂಚ್ಯಂಕದಲ್ಲಿ ಪ್ರತಿ ಊರಿಗೂ ಆಧಾರ ವರ್ಷದ ಬೆಲೆ 100 ಅಂತ ಇಟ್ಟಿರುತ್ತಾರೆ. ಆಯಾ ಊರಿನಲ್ಲಿ ಬೆಲೆ ಎಷ್ಟು ಏರಿತು ಅನ್ನುವುದು ಗೊತ್ತಾಗುತ್ತದೆ. ಒಂದು ಊರಿಗಿಂತ ಇನ್ನೊಂದು ಊರು ಎಷ್ಟು ದುಬಾರಿ ಅನ್ನುವುದು ಅದರಲ್ಲಿ ಇರುವುದೇ ಇಲ್ಲ.

ಅದಕ್ಕಿಂತ ನೋಂದಣಿಯಾದ ಬೆಲೆ ಹುಡುಕುವುದು ಒಳ್ಳೆಯದು. ಮಹಾರಾಷ್ಟ್ರದಲ್ಲಿ ಕ್ರಯದ ಇಂಡೆಕ್ಸ್ 2, ಅಂದರೆ ನೋಂದಣಿಯಾದ ಪತ್ರದ ಸಾರಾಂಶ, ಆನ್‌ಲೈನಿನಲ್ಲಿ ಸಿಗುತ್ತದೆ. ಅದೇ ಸೊಸೈಟಿಯ ಪಕ್ಕದ ಫ್ಲ್ಯಾಟು ಎಷ್ಟಕ್ಕೆ ಹೋಯಿತು ಅಂತ ನೋಡಿಕೊಂಡೇ ಮಾತಿಗೆ ಕೂರಬಹುದು. ನಮ್ಮಲ್ಲಿ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಇ.ಸಿ. (ಋಣಭಾರ ಪತ್ರ) ತೆಗೆಸಿದರೆ ಹಿಂದಿನ ಕ್ರಯದ ಮೊತ್ತ ಬರುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿ ಹತ್ತಿರದ ಪತ್ರ ಬರಹಗಾರರನ್ನೂ ಕೇಳಿ. ಆ ರಸ್ತೆಯಲ್ಲಿ ಯಾವ ಸೈಟು ಎಷ್ಟಕ್ಕೆ ಹೋಯಿತು ಅನ್ನುವುದು ಅವರ ಬಾಯಲ್ಲೇ ಇರುತ್ತದೆ.

ಆಮೇಲೆ ಕೈಯಿಂದ ಹೋಗುವ ದುಡ್ಡು. ಬ್ಯಾಂಕು 75 ಲಕ್ಷದ ಮೇಲಿನ ಸಾಲವಾದರೆ ಬೆಲೆಯ ನೂರಕ್ಕೆ 75ರವರೆಗೆ ಕೊಡುತ್ತದೆ, 30ರಿಂದ 75 ಲಕ್ಷದ ಸಾಲವಾದರೆ 80ರವರೆಗೆ. ಮುಂಬೈಯಲ್ಲಿ ಮುದ್ರಾಂಕ ಶುಲ್ಕ ನೂರಕ್ಕೆ 6, ನೋಂದಣಿ ಶುಲ್ಕ 30,000ಕ್ಕೆ ಮೇಲೆ ಹೋಗುವುದಿಲ್ಲ. ಕರ್ನಾಟಕದಲ್ಲಿ ಶುಲ್ಕ, ಸೆಸ್ಸು, ಸರ್‌ಚಾರ್ಜು ಸೇರಿ 5.6. ಅದರ ಮೇಲೆ ನೋಂದಣಿ ಶುಲ್ಕ, ಅದು 2025ರ ಆಗಸ್ಟ್ ಕೊನೆಯಲ್ಲಿ 1ರಿಂದ 2ಕ್ಕೆ ಏರಿತು. ಒಟ್ಟು 7.6. ಮುಲುಂಡಿಗೆ ನಮ್ಮ ಕೈಯಿಂದ ಸುಮಾರು ಮೂವತ್ತೇಳೂವರೆ ಲಕ್ಷ ಬೇಕಿತ್ತು. ಮಂಗಳೂರಿಗೆ ಹತ್ತೊಂಬತ್ತು ದಾಟುತ್ತಿತ್ತು. ಕಟ್ಟುತ್ತಿರುವ ಫ್ಲ್ಯಾಟ್ ಆಗಿದ್ದರೆ ಜಿಎಸ್‌ಟಿ ನೂರಕ್ಕೆ 5 ಬೇರೆ. ಸೈಟ್ ತಗೊಂಡು ಕಟ್ಟುವವರಿಗೆ ಇಲ್ಲೊಂದು ಲಾಭ ಇದೆ. ಮುದ್ರಾಂಕ ಶುಲ್ಕ ಸೈಟಿನ ಬೆಲೆಗೆ ಮಾತ್ರ, ಆಮೇಲೆ ಕಟ್ಟುವ ಮನೆಗೆ ಇಲ್ಲ. 24 ಲಕ್ಷಕ್ಕೆ 1.8 ಲಕ್ಷದಲ್ಲಿ ಮುಗಿಯುತ್ತದೆ. 40 ಲಕ್ಷ ಸಾಲ ಅಂದುಕೊಂಡರೆ ಕೈಯಿಂದ ಹದಿನಾರು ಲಕ್ಷದ ಹತ್ತಿರ.

ಕಂತಿಗೆ ಒಂದು ಸುಲಭ ಲೆಕ್ಕ ಇಟ್ಟುಕೊಂಡಿದ್ದೆ. 8.5 ಬಡ್ಡಿಗೆ, ಇಪ್ಪತ್ತು ವರ್ಷಕ್ಕೆ, ಲಕ್ಷಕ್ಕೆ ತಿಂಗಳಿಗೆ 868 ರೂಪಾಯಿ. ಮುಲುಂಡಿನ 90 ಲಕ್ಷಕ್ಕೆ 78,000, ಮಂಗಳೂರಿನ 56 ಲಕ್ಷಕ್ಕೆ 48,600, ಕುಶಾಲನಗರದ 40 ಲಕ್ಷಕ್ಕೆ 34,700. ಇಲ್ಲಿಗೆ ನಿಲ್ಲಿಸಿದರೆ ಕೊಡಗೇ ಗೆದ್ದ ಹಾಗೆ.

ಆದರೆ ಬಾಡಿಗೆಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಮುಲುಂಡಿನ ಅಂಥ ಮನೆಗೆ ತಿಂಗಳಿಗೆ 40,000 ಬಾಡಿಗೆ. 1.2 ಕೋಟಿ ಅಂದರೆ ಇಪ್ಪತ್ತೈದು ವರ್ಷದ ಬಾಡಿಗೆ. ಬಿಜೈಯಲ್ಲಿ 18,000, ಅದು ಮೂವತ್ತೆರಡು ವರ್ಷದ್ದು. ಕುಶಾಲನಗರದಲ್ಲಿ 12,000, ಮೂವತ್ತೇಳು ವರ್ಷ ದಾಟುತ್ತದೆ! ಅಂದರೆ ಬಾಡಿಗೆಯ ಲೆಕ್ಕದಲ್ಲಿ ದುಬಾರಿ ಇರುವುದು ಕುಶಾಲನಗರವೇ. ಅಲ್ಲಿ ಕೊಟ್ಟ ದುಡ್ಡಿನಲ್ಲಿ ಅರ್ಧದಷ್ಟು ಮಣ್ಣಿಗೆ ಹೋಗಿದೆ, ಮಣ್ಣು ನಿಮ್ಮದೇ ಆಗಿ ಉಳಿಯುತ್ತದೆ, ನಿಜ. ಆದರೂ ನನ್ನ ಅಭಿಪ್ರಾಯ ಗಟ್ಟಿ ಇದೆ. ಸ್ವಂತ ವಾಸಕ್ಕಾದರೆ ಕೊಡಗಿನಲ್ಲಿ ಮನೆ ಮಾಡಿ. ಬಾಡಿಗೆಗೆ ಕೊಟ್ಟು ಕಂತು ಕಟ್ಟುತ್ತೇನೆ ಅನ್ನುವವರು ಮಾಡಬೇಡಿ, 12,000ದ ಬಾಡಿಗೆಯಲ್ಲಿ 34,700ರ ಕಂತು ಸಾಗುವುದಿಲ್ಲ.

ಬೆಲೆ ಹೀಗೇಕೆ ಅಂತ ಯೋಚಿಸಿದರೆ ಎರಡೂ ಕಡೆ ಕಾರಣ ನೆಲದಲ್ಲೇ ಇದೆ. ಮುಂಬೈಗೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಖಾರಿ, ಅಂದರೆ ಒಳಗೆ ಚಾಚಿದ ಸಮುದ್ರದ ನೀರು. ಊರು ಬೆಳೆಯಲು ದಿಕ್ಕು ಕಡಿಮೆ, ಕೆಲಸ ಹುಡುಕಿ ಬರುವವರು ಜಾಸ್ತಿ. ಮಡಿಕೇರಿಗೆ ಸಮುದ್ರ ಇಲ್ಲ, ಆದರೆ ಸಮತಟ್ಟು ಜಾಗವೂ ಇಲ್ಲ. ಸುತ್ತ ಇಳಿಜಾರು, ಕಾಫಿ ತೋಟ, ಕಾಡು. ಹಾಗಾಗಿ ಮಡಿಕೇರಿ ಪಟ್ಟಣದೊಳಗೆ ನಮಗೆ ಹೇಳಿದ ಬೆಲೆ ಮಂಗಳೂರಿನ ಹತ್ತಿರಕ್ಕೇ ಬಂತು. ಹೋಂಸ್ಟೇ ಮಾಡಲು ಬೆಂಗಳೂರಿನಿಂದ ಬರುವ ದುಡ್ಡು ಬೇರೆ. ಕುಶಾಲನಗರ ಕಾವೇರಿ ದಂಡೆಯ ಬಯಲು, ಮೈಸೂರು ರಸ್ತೆಯಲ್ಲೇ ಇದೆ, ಹಾಗಾಗಿ ಲೇಔಟುಗಳು ಆಗಿದ್ದು ಅಲ್ಲಿ. "ಕೊಡಗಿನ ಬೆಲೆ" ಅಂತ ಒಂದೇ ಬೆಲೆ ಇಲ್ಲ.

ಮಡಿಕೇರಿಯಲ್ಲಿ ನೋಡಿದ ಒಂದು ಜಾಗದ ಬಗ್ಗೆ ಹೇಳಲೇಬೇಕು. ಸೆಂಟಿನ ಬೆಲೆ ಸುತ್ತಲಿನದಕ್ಕಿಂತ ಕಡಿಮೆ, ಮುಂದೆ ಕಣಿವೆ ನೋಟ. ಹಿಂದೆ ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿದು ಜಾಗ ಮಟ್ಟ ಮಾಡಿದ್ದರು. ನಮ್ಮ ಜೊತೆ ಬಂದ ಮೇಸ್ತ್ರಿ ಬರೆಗೆ ಕೈ ಹಾಕಿ ಹಿಡಿ ಮಣ್ಣು ತೆಗೆದರು. ಬೇಸಿಗೆಯಲ್ಲೂ ಅದು ತೇವ ಇತ್ತು, ಬೆರಳಲ್ಲಿ ಒತ್ತಿದರೆ ಅಂಟುತ್ತಿತ್ತು. "ಒಳಗೆ ನೀರಿನ ಒರತೆ ಉಂಟು ಅಕ್ಕ. ಇದಕ್ಕೆ ತಡೆಗೋಡೆ ಆಗ್ಬೇಕು, ಅದರಲ್ಲಿ ನೀರು ಹೋಗೋಕೆ ಪೈಪು ಬಿಡ್ಬೇಕು. ಸೈಟಿಗೆ ಕೊಡೋ ದುಡ್ಡಲ್ಲಿ ಅರ್ಧ ಗೋಡೆಗೇ ಹೋಗುತ್ತೆ" ಅಂದರು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದ್ದನ್ನು ಕಂಡವರಿಗೆ ಇದು ಬರೀ ಖರ್ಚಿನ ಮಾತಲ್ಲ. ತಡೆಗೋಡೆಯ ಖರ್ಚು ಸೇರಿಸಿದರೆ ಆ ಜಾಗ ಪಕ್ಕದ ಮಟ್ಟದ ಜಾಗಕ್ಕಿಂತ ದುಬಾರಿಯಾಯಿತು. ಖರ್ಚು ಹೊಂದಿದ್ದರೂ ನಾನು ಅಲ್ಲಿ ಮಕ್ಕಳನ್ನು ಮಲಗಿಸುತ್ತಿರಲಿಲ್ಲ.

ಕುಶಾಲನಗರದಲ್ಲಿ ಬರೆಯ ಚಿಂತೆ ಇಲ್ಲ, ಹೊಳೆಯ ಚಿಂತೆ ಇದೆ. 2018 ಮತ್ತು 2019ರಲ್ಲಿ ಕಾವೇರಿ ನೀರು ಸಾಯಿ ಬಡಾವಣೆ, ಕುವೆಂಪು ಬಡಾವಣೆಗೆಲ್ಲ ನುಗ್ಗಿತ್ತು. ಹೊಳೆಗೆ ಹತ್ತಿರದ ಒಂದು ಸೈಟು ನೋಡಲು ಹೋದಾಗ ಪಕ್ಕದ ಮನೆಯ ಹಿರಿಯರೊಬ್ಬರು ನಮ್ಮನ್ನು ಒಳಗೆ ಕರೆದು ನಡುಮನೆಯ ಕಿಟಕಿ ತೋರಿಸಿದರು. ಗೋಡೆಗೆ ಹೊಸ ಬಣ್ಣ ಬಂದಿತ್ತು. ಕಿಟಕಿಯ ಸರಳಿನಲ್ಲಿ ಮಾತ್ರ ನಡುವಿನಿಂದ ಕೆಳಗೆ ತುಕ್ಕು, ಮೇಲೆ ಇಲ್ಲ. "ನೀರು ಇಲ್ಲಿ ತನಕ ಬಂದಿತ್ತಮ್ಮ, ಮಳೆಗಾಲದಲ್ಲಿ ಬಂದು ನೋಡಿ ಆಮೇಲೆ ತಗೊಳ್ಳಿ" ಅಂದರು. ಆ ಸೈಟನ್ನು ಬಿಟ್ಟು ಎತ್ತರದ ಕಡೆ ಹುಡುಕಿದೆವು. ಅಡಿಗೆ ಬೆಲೆ ಜಾಸ್ತಿಯೇ ಆಯಿತು. ಮೇಲೆ ಹೇಳಿದ 24 ಲಕ್ಷ ಅಂಥ ಎತ್ತರದ ಸೈಟಿನ ಬೆಲೆ.

ಕೊಡಗಿನ ಬೆಲೆಯಲ್ಲಿ ಕಾಗದದ ಪಾಲೂ ಇದೆ, ಹೊರಗಿನವರಿಗೆ ಇದು ಬೇಗ ಹೊಳೆಯುವುದಿಲ್ಲ. ಎರಡು ಜಾಗ ಒಂದೇ ಥರ ಕಾಣುತ್ತವೆ, ಒಂದಕ್ಕೆ ಅರ್ಧ ಬೆಲೆ. ಆರ್‌ಟಿಸಿ (ಪಹಣಿ) ತೆಗೆದರೆ ಕಾರಣ ಸಿಗುತ್ತದೆ. ಜಮ್ಮಾ, ಅಂದರೆ ತಲೆಮಾರಿನಿಂದ ಬಂದ ಜಾಗವಾದರೆ ಹಕ್ಕು ಇಡೀ ಕುಟುಂಬದ್ದು. ದಾಖಲೆಯಲ್ಲಿ ಎಂದೋ ತೀರಿಕೊಂಡ ಪಟ್ಟೇದಾರರ, ಅಂದರೆ ಕುಟುಂಬದ ಹಿರಿಯರ, ಹೆಸರೇ ಇರಬಹುದು. ಮಾರುವವರು ಒಬ್ಬರು ಸಹಿ ಹಾಕಿದರೆ ಸಾಲದು. ಬಾಣೆ ಅಂದರೆ ಹಿಂದೆ ಗದ್ದೆಯ ಜೊತೆಗೆ ಸೊಪ್ಪು, ಸೌದೆ, ಮೇವಿಗೆ ಅಂತ ಕೊಟ್ಟ ಜಾಗ, ಅದರ ಹಕ್ಕೇ ಬೇರೆ. ಮರದ ಬೆಲೆ ಸರ್ಕಾರಕ್ಕೆ ಕಟ್ಟಿದೆಯೇ ಇಲ್ಲವೇ, ಅಂದರೆ ರಿಡೀಮ್ ಆಗಿದೆಯೇ ಅನ್ನುವುದು ಇನ್ನೊಂದು ಪ್ರಶ್ನೆ. 2011ರ ಕಂದಾಯ ಕಾಯ್ದೆ ತಿದ್ದುಪಡಿ ಜಮ್ಮಾ ಬಾಣೆ ಹಿಡುವಳಿದಾರರಿಗೆ ಅನುಕೂಲ ಮಾಡಿತು. ಆದರೂ ಒಂದೊಂದು ಜಾಗದ ಕಾಗದವನ್ನು ಬೇರೆಯಾಗಿಯೇ ಓದಿಸಬೇಕು. ನನ್ನ ಅಪ್ಪ ಮೊದಲ ದಿನವೇ ಹೇಳಿದ್ದರು: "ಜಾಗ ನೋಡೋದು ಆಮೇಲೆ ಮಗಳೇ, ಮೊದಲು ಆರ್‌ಟಿಸಿ ಕೇಳು." ಕೃಷಿ ಜಾಗವನ್ನು ಮನೆ ಜಾಗ ಮಾಡಿದ ಕನ್ವರ್ಷನ್ ಆದೇಶ, ಲೇಔಟ್ ಮಂಜೂರಾತಿ, ಇ-ಖಾತೆ ಈ ಮೂರೂ ಇದ್ದ ಸೈಟುಗಳನ್ನು ಮಾತ್ರ ನಾವು ಹೋಲಿಕೆಗೆ ತಗೊಂಡೆವು. ಇವಿಲ್ಲದ ಅಗ್ಗದ ಜಾಗವನ್ನು ಮುಂಬೈ ಫ್ಲ್ಯಾಟಿನ ಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವೇ ಇಲ್ಲ, ಬ್ಯಾಂಕು ಸಾಲವನ್ನೂ ಕೊಡುವುದಿಲ್ಲ.

ತಿಂಗಳ ಖರ್ಚಿನಲ್ಲಿ ಮುಲುಂಡಿಗೆ ಸೊಸೈಟಿ ಶುಲ್ಕ ಬರೆದೆ. ಮಂಗಳೂರಿಗೆ ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ ಬರೆದೆ. ಉಪ್ಪುಗಾಳಿಗೆ ಗ್ರಿಲ್ಲು ಬೇಗ ಹಾಳಾಗುವುದನ್ನೂ ಸೇರಿಸಿದೆ. ಕೊಡಗಿಗೆ ಮಳೆಗಾಲದ ನಂತರದ ಬಣ್ಣ, ಇನ್ವರ್ಟರ್, ಮತ್ತೆ ಓಡಾಟ. ಜಿಲ್ಲೆಯಲ್ಲಿ ರೈಲು ಇಲ್ಲ. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ದೊಡ್ಡ ಚಿಕಿತ್ಸೆ ಅಂದರೆ ಜನ ಈಗಲೂ ಮೈಸೂರಿಗೋ ಮಂಗಳೂರಿಗೋ ಹೋಗುತ್ತಾರೆ. ನಮ್ಮ ಅತ್ತೆಗೆ ಹೃದಯದ ತಪಾಸಣೆ ಆಗಾಗ ಬೇಕು. ಆ ಕಾರಿನ ಖರ್ಚನ್ನು ನಾನು ಮನೆಯ ಬೆಲೆಗೇ ಸೇರಿಸಿದೆ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿತು. ಕೊಡಗು ಅಗ್ಗ ಅನ್ನುವುದು ಮುಂಬೈ ಸಂಬಳದ ಲೆಕ್ಕ. ನನ್ನ ಜೊತೆ ಓದಿದವಳು ಸುಂಟಿಕೊಪ್ಪದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ, ನನ್ನ ಕೆಲಸವೇ ಹೆಚ್ಚುಕಮ್ಮಿ. ಅವಳ ಒಂದು ತಿಂಗಳ ಸಂಬಳ ಪೂರ್ತಿ ಹಾಕಿದರೂ ಈ 54 ಲಕ್ಷದ ಮನೆಯ ಕಂತು ತುಂಬುವುದಿಲ್ಲ. ಬೆಲೆಯನ್ನು ಅದೇ ಊರಿನ ವರ್ಷದ ದುಡಿಮೆಯಿಂದ ಭಾಗಿಸಿದರೆ ಅವಳಿಗೆ ಕುಶಾಲನಗರವೂ ಮುಂಬೈಯಷ್ಟೇ ದೂರ. ನಮ್ಮಂಥವರು ಹೊರಗಿನ ಸಂಬಳ ಹಿಡಿದು ಬಂದು ಹೇಳಿದ ಬೆಲೆ ಕೊಟ್ಟರೆ ಅವಳಿಗೆ ಅದು ಇನ್ನಷ್ಟು ದೂರ ಹೋಗುತ್ತದೆ. ಅದಕ್ಕೇ ಚೌಕಾಸಿ ಮಾಡಿದೆವು, ನೋಂದಣಿಯಾದ ಬೆಲೆ ಮುಂದಿಟ್ಟುಕೊಂಡು. ಊರಲ್ಲಿ ನಡೆಯುವ ಬೆಲೆಗಿಂತ ಒಂದು ರೂಪಾಯಿ ಜಾಸ್ತಿ ಕೊಡಲಿಲ್ಲ.

ಕೊನೆಗೆ ಕುಶಾಲನಗರವನ್ನೇ ಆರಿಸಿಕೊಂಡೆವು. ಮೊದಲು ಅಲ್ಲೇ ಬಾಡಿಗೆ ಮನೆ ಹಿಡಿದು ಒಂದು ಮಳೆಗಾಲ ಪೂರ್ತಿ ಕಳೆದೆವು. ಬಾಡಿಗೆ ಕಡಿಮೆ ಇರುವ ಊರಿನಲ್ಲಿ ಹೀಗೆ ಇದ್ದು ನೋಡುವುದು ಬಹಳ ಸಲೀಸು. ಇಂಟರ್ನೆಟ್ ಕೆಲಸಕ್ಕೆ ಸಾಕಾಗುತ್ತದೆಯೇ, ಜೋರು ಮಳೆಯಲ್ಲಿ ಆ ಸೈಟಿನ ರಸ್ತೆಯಲ್ಲಿ ನೀರು ನಿಲ್ಲುತ್ತದೆಯೇ, ಅತ್ತೆಗೆ ಚಳಿ ಹಿಡಿಸುತ್ತದೆಯೇ ಎಲ್ಲ ಗೊತ್ತಾಯಿತು. ಆಮೇಲೆ ಕ್ರಯ ಮಾಡಿಸಿಕೊಂಡೆವು. ಜೂನಿನಿಂದ ಸೆಪ್ಟೆಂಬರ್ ತನಕ ಪಾಯದ ಕೆಲಸ ಮುಟ್ಟುವ ಹಾಗಿಲ್ಲ. ದೀಪಾವಳಿ ಕಳೆದ ಮೇಲೆ ಶುರು ಮಾಡೋಣ ಅಂತ ಮೇಸ್ತ್ರಿ ಹೇಳಿದ್ದಾರೆ, ಬ್ಯಾಂಕಿನವರು ಮನೆ ಕಟ್ಟುವ ಸಾಲದ ಮೊದಲ ಕಂತನ್ನು ಪಾಯ ಎದ್ದ ಮೇಲೆ ಬಿಡುತ್ತಾರೆ.