ಮದರ್‌ಬೋರ್ಡ್ ಕೊಳ್ಳುವ ಮುನ್ನ ಅದರ ನಕ್ಷೆ ನೋಡಿ

ಡೆಸ್ಕ್‌ಟಾಪ್ ಕಂಪ್ಯೂಟರ್ ಜೋಡಿಸಿಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು, ಎಲ್ಲ ಬಿಡಿಭಾಗಗಳೂ ಜೋಡಣೆಯಾಗುವ ಮುಖ್ಯ ಫಲಕವಾದ ಮದರ್‌ಬೋರ್ಡಿನ ಡಬ್ಬಿಯ ಮೇಲಿನ ಪಟ್ಟಿಯನ್ನಷ್ಟೇ ಓದಿ ಹಣ ಕೊಡುತ್ತಾರೆ. ನಾಲ್ಕು ಸಾಟಾ ಪೋರ್ಟು (ಹಾರ್ಡ್ ಡಿಸ್ಕಿನ ಕೇಬಲ್ ಸಿಕ್ಕಿಸುವ ಜಾಗ), ಎರಡು ಎಂ.2 ಸ್ಲಾಟು (ಪಟ್ಟಿಯಂಥ ತೆಳು ಎಸ್‌ಎಸ್‌ಡಿ ಡ್ರೈವ್ ಕೂರುವ ಜಾಗ) ಎಂದು ಅಲ್ಲಿರುತ್ತದೆ. ಗ್ರಾಫಿಕ್ಸ್ ಕಾರ್ಡ್ ಕೂರಿಸಿದ ಮೇಲೆ ಅವುಗಳಲ್ಲಿ ಎಷ್ಟು ಕೈಗೆ ಸಿಗುತ್ತವೆ ಎಂಬುದು ಇರುವುದಿಲ್ಲ. ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವ, ತಿಂಗಳಿಗೊಮ್ಮೆ ಬ್ಲೋವರ್ ಹಿಡಿದು ದೂಳು ತೆಗೆಯಬೇಕಾದ ಕಲಬುರಗಿಯಂಥ ಊರಿನಲ್ಲಿ ಬೋರ್ಡಿನ ಮೇಲೆ ಏನೇನಿದೆ ಎಂಬುದಕ್ಕಿಂತ ಯಾವುದು ಎಲ್ಲಿದೆ ಎಂಬುದೇ ಹೆಚ್ಚು ಮುಖ್ಯವೆಂದು ನನ್ನ ಅಭಿಪ್ರಾಯ.

ಅಂಗಡಿಗೆ ಹೋಗುವ ಮೊದಲೇ ಬೋರ್ಡ್ ತಯಾರಕರ ಜಾಲತಾಣದಿಂದ ಕೈಪಿಡಿಯನ್ನು ಇಳಿಸಿಕೊಳ್ಳಬೇಕು. ಅದರ ಮೊದಲ ಪುಟಗಳಲ್ಲಿಯೇ ಬೋರ್ಡಿನ ರೇಖಾಚಿತ್ರ ಇರುತ್ತದೆ. ಹಿಂಬದಿಯ ಪೋರ್ಟುಗಳು ಎಡಕ್ಕೆ ಬರುವಂತೆ ಹಿಡಿದರೆ ಮೇಲ್ಭಾಗದಲ್ಲಿ ಪ್ರೊಸೆಸರಿನ ಸಾಕೆಟ್, ಅದರ ಬಲಕ್ಕೆ ರ‍್ಯಾಮ್, ಬಲ ಅಂಚಿನಲ್ಲಿ ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನಿಂದ ಬರುವ 24 ಪಿನ್ನಿನ ಕನೆಕ್ಟರ್, ಕೆಳಗೆ ಕಾರ್ಡುಗಳ ಸ್ಲಾಟುಗಳು ಕಾಣುತ್ತವೆ.

ಮೊದಲು ನೋಡಬೇಕಾದದ್ದು ಅಳತೆ. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾದರಿಯ ಪೂರ್ಣ ಬೋರ್ಡ್ 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ ಇರುತ್ತದೆ, ಮೈಕ್ರೋ ಎಟಿಎಕ್ಸ್ ಎರಡೂ ಕಡೆ 244, ಮಿನಿ ಐಟಿಎಕ್ಸ್ ಎರಡೂ ಕಡೆ 170 ಮಿ.ಮೀ. ಮೈಕ್ರೋ ಎಟಿಎಕ್ಸ್ ಹೆಸರಿನಲ್ಲಿ ಮಾರಾಟವಾಗುವ ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಅನೇಕವು 244ಕ್ಕಿಂತ ಬಹಳ ಕಿರಿದಾಗಿರುತ್ತವೆ. ಅಂಥ ಬೋರ್ಡಿನ ಬಲ ಅಂಚು ಕ್ಯಾಬಿನೆಟ್ಟಿನ ಕೊನೆಯ ಸಾಲಿನಲ್ಲಿ ಬೋರ್ಡಿಗೆ ಆಸರೆಯಾಗುವ ಹಿತ್ತಾಳೆ ಕಾಲುಗಳನ್ನು ತಲುಪುವುದಿಲ್ಲ, ಗಾಳಿಯಲ್ಲಿ ನಿಂತಿರುತ್ತದೆ. 24 ಪಿನ್ನಿನ ಬಿಗಿಯಾದ ಕನೆಕ್ಟರನ್ನು ಒತ್ತಿ ಕೂರಿಸಬೇಕಾಗುವುದೂ ಅದೇ ಅಂಚಿನಲ್ಲಿ. ಒತ್ತುವಾಗ ಬೋರ್ಡ್ ಬಾಗುವುದು ಕಣ್ಣಿಗೇ ಕಾಣುತ್ತದೆ. ಹಳೆಯ ಪತ್ರಿಕೆಯ ಹಾಳೆಯನ್ನು ಬೋರ್ಡಿನ ಅಳತೆಗೆ ಕತ್ತರಿಸಿ, ಸ್ಕ್ರೂ ತೂತುಗಳನ್ನು ಗುರುತಿಸಿ ಕ್ಯಾಬಿನೆಟ್ಟಿನೊಳಗೆ ಇಟ್ಟು ನೋಡಿದರೆ ಯಾವ ಅಂಚಿಗೆ ಆಸರೆ ಇಲ್ಲವೆಂಬುದು ತಿಳಿಯುತ್ತದೆ. ಕಿರಿದಾದ ಬೋರ್ಡನ್ನೇ ಕೊಳ್ಳುವುದಾದರೆ ಕನೆಕ್ಟರನ್ನು ಕ್ಯಾಬಿನೆಟ್ಟಿಗೆ ಇಳಿಸುವ ಮುಂಚೆಯೇ ಒಮ್ಮೆ ಹಾಕಿ ತೆಗೆದು ಸಡಿಲಿಸಿಕೊಳ್ಳುವುದು ಒಳ್ಳೆಯದು.

ಎರಡನೆಯದಾಗಿ ಸಾಕೆಟ್ಟಿನ ಸುತ್ತಲಿನ ಜಾಗ. ಪ್ರೊಸೆಸರಿಗೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ವಿಆರ್‌ಎಂ ಬಿಡಿಭಾಗಗಳು ಅದರ ಎಡಕ್ಕೂ ಮೇಲಕ್ಕೂ ಸಾಲಾಗಿರುತ್ತವೆ ಮತ್ತು ಬಿಸಿಯಾಗುತ್ತವೆ. ಕೋಣೆಯ ಗಾಳಿ 25 ಡಿಗ್ರಿಯ ಬದಲು 42 ಡಿಗ್ರಿ ಇದ್ದರೆ ಅದೇ ಕೆಲಸಕ್ಕೆ ಅವುಗಳ ಬಿಸಿಯೂ ಸುಮಾರು 17 ಡಿಗ್ರಿ ಏರುತ್ತದೆ. ಆದ್ದರಿಂದ ಅವುಗಳ ಮೇಲೆ ಬಿಸಿಯನ್ನು ಹೀರಿ ಹೊರಬಿಡುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಇಲ್ಲದ ಬೋರ್ಡನ್ನು ನಮ್ಮ ಭಾಗದವರು ಕೊಳ್ಳದಿರುವುದೇ ಲೇಸು. ಪ್ರೊಸೆಸರಿನ ಮೇಲೆ ಕೂತು ಕೆಳಮುಖವಾಗಿ ಗಾಳಿ ಊದುವ ಸಾಮಾನ್ಯ ಕೂಲರ್ ಈ ಭಾಗಗಳನ್ನೂ ತಣಿಸುತ್ತದೆ, ಎತ್ತರದ ಟವರ್ ಕೂಲರ್ ಅಷ್ಟಾಗಿ ತಣಿಸುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಫ್ಯಾನ್ ಜೋಡಿಸುವ ನಾಲ್ಕು ಪಿನ್ನಿನ ಹೆಡರುಗಳು ಎಲ್ಲಿವೆ ಎಂದು ಯಾರೂ ನೋಡುವುದಿಲ್ಲ. ಗಂಜ್‌ನ ದಾಲ್ ವ್ಯಾಪಾರಿಯೊಬ್ಬರ ಲೆಕ್ಕಪತ್ರದ ಕಂಪ್ಯೂಟರ್ ಬೇಸಿಗೆಯ ಮಧ್ಯಾಹ್ನ ತಾನಾಗಿಯೇ ಬಂದ್ ಆಗುತ್ತಿದೆಯೆಂದು ನನ್ನನ್ನು ಕರೆದಿದ್ದರು. ಕ್ಯಾಬಿನೆಟ್ಟು ಶಹಾಬಾದ್ ಫರ್ಶಿಯ ನೆಲದ ಮೇಲೆಯೇ ಕುಳಿತಿತ್ತು. ಬಾಗಿಲು ತೆರೆದರೆ ಒಳಗೆಲ್ಲ ತೊಗರಿ ಹೊಟ್ಟಿನ ದೂಳು. ಹಿಂಬದಿಯ ಫ್ಯಾನಿನ ತಂತಿಯನ್ನು ಮಡಚಿ ರಬ್ಬರ್ ಬ್ಯಾಂಡ್ ಹಾಕಿ ಬಿಡಲಾಗಿತ್ತು. ಆ ಬೋರ್ಡಿನಲ್ಲಿ ಕ್ಯಾಬಿನೆಟ್ ಫ್ಯಾನಿಗೆಂದು ಇದ್ದ ಒಂದೇ ಹೆಡರ್ ಕೆಳ ಅಂಚಿನಲ್ಲಿತ್ತು, ತಂತಿ ನಾಲ್ಕು ಬೆರಳು ಗಿಡ್ಡವಾಗಿತ್ತು. ಜೋಡಿಸಿದವರು ಸುಮ್ಮನೆ ಕೈಬಿಟ್ಟಿದ್ದರು. ಎರಡು ಬೇಸಿಗೆ ಆ ಫ್ಯಾನ್ ಒಂದು ಸುತ್ತೂ ತಿರುಗಿರಲಿಲ್ಲ. ಕಡಿಮೆ ಬೆಲೆಯ ವಿಸ್ತರಣಾ ತಂತಿಯೊಂದರಿಂದ ಆ ಕೆಲಸ ಮುಗಿಯಿತು. ಹಿಂಬದಿಯ ಪೋರ್ಟುಗಳ ಬಳಿ, ಮೇಲ್ಭಾಗದಲ್ಲಿ ಒಂದು ಫ್ಯಾನ್ ಹೆಡರ್ ಇರುವ ಬೋರ್ಡನ್ನು ಆರಿಸಿದರೆ ಅದೂ ಬೇಕಾಗುವುದಿಲ್ಲ.

ರ‍್ಯಾಮ್ ಸ್ಲಾಟುಗಳ ವಿಷಯದಲ್ಲಿ ನೋಡಬೇಕಾದದ್ದು ಎರಡೇ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ರ‍್ಯಾಮ್ ಪಟ್ಟಿಗಳನ್ನು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಹಾಕುವುದರಿಂದ ದೊಡ್ಡ ಕೂಲರಿನ ಫ್ಯಾನಿಗೆ ಅಡ್ಡಿಯಾಗುವುದು ಕಡಿಮೆ. ಎರಡೇ ಸ್ಲಾಟಿನ ಬೋರ್ಡಿನಲ್ಲಿ ಆ ಅನುಕೂಲವಿಲ್ಲ. ಸ್ಲಾಟಿನ ಕೊಕ್ಕೆಗಳು ಎರಡೂ ತುದಿಗಳಲ್ಲಿದ್ದರೆ ಕೆಳಗಿನದು ಗ್ರಾಫಿಕ್ಸ್ ಕಾರ್ಡಿಗೆ ತಗುಲುವ ಸಂಭವ ಇರುತ್ತದೆ.

ಕಾರ್ಡುಗಳ ಸ್ಲಾಟುಗಳ ನಡುವಿನ ಅಂತರ 20.32 ಮಿ.ಮೀ. ಈಗಿನ ಗ್ರಾಫಿಕ್ಸ್ ಕಾರ್ಡುಗಳು ಎರಡು ಸ್ಲಾಟಿನ ದಪ್ಪ ಇರುವುದು ಸಾಮಾನ್ಯ, ಎರಡೂವರೆ ಮೂರು ಇರುವುದೂ ಉಂಟು. ಹಾಗಾಗಿ ಗ್ರಾಫಿಕ್ಸ್ ಕಾರ್ಡ್ ಕೂರುವ ಉದ್ದದ ಸ್ಲಾಟಿನ ಕೆಳಗೇ ಅಂಟಿಕೊಂಡಿರುವ ಚಿಕ್ಕ ಸ್ಲಾಟು ಲೆಕ್ಕಕ್ಕುಂಟು, ಆಟಕ್ಕಿಲ್ಲ. ರೇಖಾಚಿತ್ರದ ಮೇಲೆ ಪೆನ್ಸಿಲಿನಿಂದ ಕಾರ್ಡಿನ ಉದ್ದ ಮತ್ತು ದಪ್ಪಕ್ಕೆ ತಕ್ಕ ಚೌಕ ಎಳೆದು, ಅದರ ಅಡಿಗೆ ಏನೇನು ಸೇರಿತೆಂದು ನೋಡಬೇಕು. ಅಂಚಿನಲ್ಲಿ ಹೊರಮುಖವಾಗಿ ಮಲಗಿದ ಸಾಟಾ ಪೋರ್ಟುಗಳಿಗೆ ತೊಂದರೆಯಿಲ್ಲ. ಮೇಲ್ಮುಖವಾಗಿ ನಿಂತವು ಚೌಕದೊಳಗೆ ಬಿದ್ದರೆ ಉದ್ದನೆಯ ಕಾರ್ಡು ಅವುಗಳ ಕೇಬಲನ್ನು ಅದುಮುತ್ತದೆ. 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಎಂ.2 ಡ್ರೈವ್ ಕೂರುವ ಜಾಗವೂ ಚೌಕದ ಒಳಗಿದ್ದರೆ ಕಾರ್ಡಿನ ಬಿಸಿ ಅದಕ್ಕೆ ತಾಗುತ್ತದೆ, ಬದಲಿಸಬೇಕಾದಾಗ ಕಾರ್ಡನ್ನೇ ಕಳಚಬೇಕಾಗುತ್ತದೆ. ಸಾಕೆಟ್ಟಿಗೂ ಮೊದಲ ಸ್ಲಾಟಿಗೂ ನಡುವೆ ಇರುವ ಎಂ.2 ಜಾಗ ಇದಕ್ಕಿಂತ ಮೇಲು. ಎಂ.2 ಬಳಸಿದರೆ ಯಾವ ಸಾಟಾ ಪೋರ್ಟು ಕೆಲಸ ನಿಲ್ಲಿಸುತ್ತದೆ ಎಂಬ ಸೂಚನೆ ಕೆಲವು ಕೈಪಿಡಿಗಳಲ್ಲಿ ಚಿಕ್ಕ ಅಕ್ಷರಗಳಲ್ಲಿರುತ್ತದೆ. ಅದನ್ನು ಬಿಡದೆ ಓದಬೇಕು.

ಅದೇ ಚೌಕದೊಳಗೆ ಸಿಆರ್2032 ಬ್ಯಾಟರಿ ಇದೆಯೇ ಎಂದೂ ನೋಡಿಕೊಳ್ಳಿ. ಬ್ಯಾಟರಿ ಸೋತ ಮೇಲೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗಲೂ ಕಂಪ್ಯೂಟರಿನ ದಿನಾಂಕ ಹಿಂದಕ್ಕೆ ಹೋಗಿ ಕುಳಿತುಕೊಳ್ಳುತ್ತದೆ. ಒಂದು ಪುಟ್ಟ ಬಿಲ್ಲೆಯನ್ನು ಬದಲಿಸಲು ದೊಡ್ಡ ಕಾರ್ಡನ್ನು ಬಿಚ್ಚುವ ತಾಪತ್ರಯ ಆಗ ಗೊತ್ತಾಗುತ್ತದೆ.

ಇಷ್ಟನ್ನೂ ಗುರುತು ಮಾಡಿದ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಅಂಗಡಿಯವರು “ಎಲ್ಲಾ ಬೋರ್ಡ್ ಒಂದೇ ಅವರೀ ಸರ್” ಎಂದರೂ ನಗುತ್ತಲೇ ಡಬ್ಬಿ ತೆಗೆಸಿ, ಬೋರ್ಡಿನ ಮೇಲೆ ಮುದ್ರಿಸಿದ ಮಾದರಿ ಸಂಖ್ಯೆ ಮತ್ತು ಆವೃತ್ತಿ ಸಂಖ್ಯೆ ನಿಮ್ಮ ಕೈಪಿಡಿಯಲ್ಲಿರುವುದಕ್ಕೆ ಹೊಂದುತ್ತವೆಯೇ ಎಂದು ನೋಡಿ. ಮಾದರಿಯ ಹೆಸರು ಒಂದೇ ಇದ್ದು ಆವೃತ್ತಿ ಬದಲಾಗಿದ್ದರೆ ಹೆಡರುಗಳ ಜಾಗವೂ ಬದಲಾಗಿರಬಹುದು.