ಗಾಂಧಾರಿಯ ದನಿಯನ್ನು ನಾನು ದಪ್ಪ ಮಾಡಿದ್ದು

ಮುಂಬಯಿಯ ವಡಾಲಾದಲ್ಲಿ ನಮ್ಮ ಸೋದರಮಾವನ ಚಾಳು ರೀಡೆವಲಪ್‌ಮೆಂಟಿಗೆ ಹೋಗುವಾಗ ಅಟ್ಟದ ಮೇಲಿಂದ ಒಂದು ತಗಡಿನ ಪೆಟ್ಟಿಗೆ ಇಳಿಯಿತು. ಒಳಗೆ 41 ಗ್ರಾಮಫೋನ್ ಪ್ಲೇಟು. ಮಾವ ತೀರಿಕೊಂಡು ಎಷ್ಟೋ ವರ್ಷ ಆಗಿತ್ತು. "ನೀನು ಒಯ್ಯುವುದಾದ್ರೆ ಒಯ್ಯಿ. ಇಲ್ಲಾಂದ್ರೆ ಭಂಗಾರದವನಿಗೆ ಹಾಕ್ತೇನೆ" ಎಂದರು ಅತ್ತೆ. ಮುಂಬಯಿಯಲ್ಲಿ ಭಂಗಾರ ಅಂದರೆ ಗುಜರಿ. ಊರಿಂದ ಹೊಸದಾಗಿ ಬಂದವರು ಈ ಮಾತಿಗೆ ಒಮ್ಮೆ ಬೆಚ್ಚುತ್ತಾರೆ. ನಾನು ಟ್ಯಾಕ್ಸಿ ಹಿಡಿದು ಮನೆಗೆ ತಂದೆ.

ನನ್ನ ಹತ್ತಿರ ಎಲ್‌ಪಿ, ಅಂದರೆ ಆಮೇಲೆ ಬಂದ ವಿನೈಲ್ ಪ್ಲೇಟು, ಕೇಳಲು ಆಡಿಯೋ-ಟೆಕ್ನಿಕಾದ ಎಲ್‌ಪಿ120 ಟರ್ನ್‌ಟೇಬಲ್ ಇತ್ತು. ಅದರಲ್ಲಿ ಈ ಹಳೇ ಪ್ಲೇಟುಗಳಿಗೆ ಬೇಕಾದ 78ರ ವೇಗವೂ ಇದೆ, ಅಂದರೆ ನಿಮಿಷಕ್ಕೆ 78 ಸುತ್ತು. ಇನ್ನೇನು ಬೇಕು ಅಂದುಕೊಂಡು ಅದೇ ದಿನ ಒಂದು ಪ್ಲೇಟು ಹಾಕಿದೆ. ಒಗ್ಗರಣೆ ಸೌಟಿನಲ್ಲಿ ಸಾಸಿವೆ ಸಿಡಿದ ಹಾಗೆ ಸದ್ದು. ಹಿಂದೆ ಎಲ್ಲೋ ಒಬ್ಬರು ಹಾಡುತ್ತಿದ್ದರು.

ತಪ್ಪು ಮುಳ್ಳಿನದು. ಎಲ್‌ಪಿಯ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್. 78ರ ಪ್ಲೇಟಿನ ಗೆರೆ ತುಂಬ ಅಗಲ, ಅದಕ್ಕೆ ಸುಮಾರು 75 ಮೈಕ್ರಾನ್ ತುದಿ ಬೇಕು. ಸಣ್ಣ ಮುಳ್ಳು ಗೆರೆಯ ಗೋಡೆ ಮುಟ್ಟುವುದೇ ಇಲ್ಲ, ತಳದ ಕೊಳೆಯಲ್ಲಿ ಎಳೆದಾಡುತ್ತದೆ. ಹಾಡು ಇರುವುದು ಗೋಡೆಯಲ್ಲಿ. ಪುಣ್ಯಕ್ಕೆ ಮುಳ್ಳು ಕೂರುವ ನನ್ನ ಕಾರ್ಟ್ರಿಜ್ ವಿಎಂ95 ಜಾತಿಯದು. ಮುಂದಿನ ಮುಳ್ಳನ್ನಷ್ಟೇ ಕಳಚಿ 78ರ ಎಸ್‌ಪಿ ಮುಳ್ಳು ಸಿಕ್ಕಿಸಿದರೆ ಆಯಿತು. ಭಾರ ಮಾತ್ರ ಎರಡು ಗ್ರಾಮಿನಿಂದ ಐದಕ್ಕೆ ಏರಿಸಬೇಕು. ಐದು ಗ್ರಾಂ ಅಂದರೆ ಎಲ್‌ಪಿಯವರು ಹೌಹಾರುತ್ತಾರೆ. ಆದರೆ ಈ ಪ್ಲೇಟುಗಳು ಹುಟ್ಟಿದ್ದೇ ಕೀಲಿ ಕೊಡುವ ಗ್ರಾಮಫೋನಿನ ನೂರು ಗ್ರಾಂ ದಾಟುವ ಸೌಂಡ್‌ಬಾಕ್ಸ್ ಹೊರಲು, ಅದೂ ಉಕ್ಕಿನ ಮುಳ್ಳಿನ ಜೊತೆ.

ಮುಳ್ಳು ಬದಲಿಸಿದ ಮೇಲೆ ಅರ್ಧ ಸಾಸಿವೆ ನಿಂತಿತು. ಉಳಿದ ಅರ್ಧಕ್ಕೆ ತೊಳೆಯಬೇಕಿತ್ತು. ಇಲ್ಲೇ ನಾನು ಒಂದು ಪ್ಲೇಟು ಕೊಂದೆ.

ಎಲ್‌ಪಿ ಒರೆಸುವ ದ್ರಾವಣ ಮನೆಯಲ್ಲಿತ್ತು. ಅದರಲ್ಲಿ ಆಲ್ಕೋಹಾಲ್ ಇರುತ್ತದೆ. ಶಹನಾಯಿಯದೊಂದು ಪ್ಲೇಟಿಗೆ ಹಾಕಿ ಹತ್ತಿಯಲ್ಲಿ ಸುತ್ತಲೂ ಒರೆಸಿದೆ. ಹತ್ತಿ ಕಪ್ಪಾಯಿತು. ಎಷ್ಟು ಕೊಳೆ ಬರ್ತಿದೆ ನೋಡು ಎಂದು ಖುಷಿಪಟ್ಟು ಇನ್ನೂ ಒರೆಸಿದೆ. ಮೂರನೇ ಹತ್ತಿಯೂ ಅಷ್ಟೇ ಕಪ್ಪು. ಬೆರಳಿಗೆ ಅಂಟು ಅಂಟು. ಆಗ ಹೊಳೆಯಿತು, ಬರುತ್ತಿದ್ದದ್ದು ಕೊಳೆ ಅಲ್ಲ, ಪ್ಲೇಟೇ. ಶೆಲಾಕ್ ಅಂದರೆ ಅರಗು, ಅರಗಿನ ಹುಳದ ಅಂಟು. ಅದಕ್ಕೆ ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ಪ್ಲೇಟು ಒತ್ತುತ್ತಿದ್ದರು. ಮರಕ್ಕೆ ಪಾಲಿಶ್ ಹೊಡೆಯುವ ಬಡಗಿ ಅರಗನ್ನು ಕರಗಿಸುವುದು ಸ್ಪಿರಿಟ್‌ನಲ್ಲೇ ಅಲ್ವಾ? ಚಿಕ್ಕಂದಿನಿಂದ ನೋಡಿದ್ದೆ. ತಲೆಗೆ ಹೋಗಿರಲಿಲ್ಲ. ಆ ಪ್ಲೇಟಿನಲ್ಲಿ ಈಗ ಮಧ್ಯದ ಒಂದೂವರೆ ನಿಮಿಷ ಬರೀ ಉಸಿರಿನ ಸದ್ದು.

ಈಗ ನಾನು ಮಾಡುವುದು ಇಷ್ಟು: ಡಿಸ್ಟಿಲ್ಡ್ ನೀರು ಒಂದು ಲೋಟ, ಮಕ್ಕಳ ಶಾಂಪೂ ಎರಡು ಹನಿ, ಮೆತ್ತನೆಯ ಬ್ರಶ್. ಗೆರೆ ಓಡುವ ದಿಕ್ಕಿನಲ್ಲೇ ಸುತ್ತಬೇಕು. ಲೇಬಲ್ ಮೇಲೆ ಡಬ್ಬದ ಮುಚ್ಚಳ ಒತ್ತಿ ಹಿಡಿಯುತ್ತೇನೆ. ಆ ಕಾಗದ ನೆನೆದರೆ ಹೆಸರೂ ಹೋಯಿತು, ನಂಬರೂ ಹೋಯಿತು. ಬರೀ ನೀರಲ್ಲಿ ಮತ್ತೊಮ್ಮೆ ತೊಳೆದು ತಕ್ಷಣ ಒರೆಸಿ ಫ್ಯಾನಿನ ಕೆಳಗೆ ನಿಲ್ಲಿಸುತ್ತೇನೆ. ನೆನೆಹಾಕುವ ಹಾಗಿಲ್ಲ. ಜುಲೈ, ಆಗಸ್ಟಿನಲ್ಲಿ ಈ ಕೆಲಸವೇ ಬೇಡ. ಮುಂಬಯಿ ಮಳೆಯಲ್ಲಿ ಹಾಕಿಕೊಳ್ಳುವ ಅಂಗಿಯೇ ಒಣಗುವುದಿಲ್ಲ.

ಆಮೇಲೆ ಜಾಗದ ಸಮಸ್ಯೆ. ನಮ್ಮ ಮನೆ ಹಾರ್ಬರ್ ಲೈನಿನ ರೈಲು ಹಳಿಗೆ ಹತ್ತಿರ. ಪ್ರತಿ ಲೋಕಲ್ ಹೋದಾಗಲೂ ರೆಕಾರ್ಡಿಂಗಿನಲ್ಲಿ ಗುಡುಗಿನಂಥ ಒಂದು ಗುಂಯ್. ಅಡುಗೆಮನೆಗೆ ತರಿಸಿ ಮಿಕ್ಕಿದ್ದ ಕಡಪ ಕಲ್ಲಿನ ತುಂಡು ಇತ್ತು. ಸೈಕಲ್ ಟ್ಯೂಬಿಗೆ ಅರ್ಧ ಗಾಳಿ ತುಂಬಿ ಅದರ ಮೇಲೆ ಕಲ್ಲಿಟ್ಟು, ಕಲ್ಲಿನ ಮೇಲೆ ಟರ್ನ್‌ಟೇಬಲ್ ಇಟ್ಟೆ. ಪರವಾಗಿಲ್ಲ, ಜಾಸ್ತಿ ಪಾಲು ನಿಂತಿತು. ಒಳ್ಳೆಯ ಪ್ಲೇಟುಗಳನ್ನು ಮಾತ್ರ ರಾತ್ರಿ ಲೋಕಲ್ ನಿಂತ ಮೇಲೆ ಮಾಡುತ್ತೇನೆ. ಅಂದಹಾಗೆ ಯಂಗ್ ಇಂಡಿಯಾ ಎಂಬ ಲೇಬಲ್ಲಿನ ಪ್ಲೇಟುಗಳು 1935ರಿಂದ ತಯಾರಾಗುತ್ತಿದ್ದದ್ದು ಇದೇ ವಡಾಲಾದಲ್ಲಿ. ಮಾವನ ಪೆಟ್ಟಿಗೆಯಲ್ಲಿ ಅಂಥವು ಎರಡಿದ್ದವು. ಹುಟ್ಟಿದ ಊರಲ್ಲೇ ಉಳಿದಿವೆ ಪಾಪ.

ರೆಕಾರ್ಡ್ ಮಾಡುವುದು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ. ಟರ್ನ್‌ಟೇಬಲ್‌ನ ಯುಎಸ್‌ಬಿ ಬಿಟ್ಟು ಬೇರೆ ಆಡಿಯೋ ಇಂಟರ್‌ಫೇಸ್ ಇಟ್ಟುಕೊಂಡಿದ್ದೇನೆ. ಪ್ಲೇಟು ಮೋನೋ ಆದರೂ ಸ್ಟೀರಿಯೋದಲ್ಲೇ ಹಿಡಿಯುತ್ತೇನೆ, ಆಮೇಲೆ ಎಡ ಗೋಡೆ, ಬಲ ಗೋಡೆ ಬೇರೆ ಬೇರೆ ಕೇಳಬಹುದು. ಹಳೇ ಮುಳ್ಳು ಒಂದು ಗೋಡೆಯನ್ನು ಜಾಸ್ತಿ ಸವೆಸಿರುತ್ತದೆ. ಎರಡೂ ಒಂದೇ ತರ ಇದ್ದರೆ ಕೂಡಿಸಿ ಮೋನೋ ಮಾಡುತ್ತೇನೆ. ಆಗ ಮುಳ್ಳು ಮೇಲೆ ಕೆಳಗೆ ಕುಣಿದ ಸದ್ದು ತಾನೇ ರದ್ದಾಗುತ್ತದೆ. ಹಾಡು ಇರುವುದು ಅಡ್ಡ ಓಟದಲ್ಲಿ ಮಾತ್ರ.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಮುಳ್ಳಿನ ಸಣ್ಣ ಸದ್ದನ್ನು ದೊಡ್ಡದು ಮಾಡುವ ಫೋನೋ ಪ್ರೀಆಂಪ್‌ಗಳು ಸಾಮಾನ್ಯವಾಗಿ ಆರ್‌ಐಎಎ ಎಂಬ ಲೆಕ್ಕದಲ್ಲಿ ಕೆಲಸ ಮಾಡುತ್ತವೆ. ಆ ಲೆಕ್ಕ ಬಂದದ್ದೇ 1954ರಲ್ಲಿ. ಎಲ್‌ಪಿ ಕೊರೆಯುವಾಗ ಏರಿಸಿದ ಮೇಲಿನ ಸ್ವರಗಳನ್ನು ಅದು ಚೆನ್ನಾಗಿ ತಗ್ಗಿಸುತ್ತದೆ. 1930ರ ದಶಕದ ಎಚ್‌ಎಂವಿ ಪ್ಲೇಟಿನಲ್ಲಿ ಅವನ್ನು ಏರಿಸಿಯೇ ಇರಲಿಲ್ಲ. ಹಾಗಾಗಿ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ಈಗ ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ಮೊದಲು ಆರ್‌ಐಎಎಯನ್ನು ತಿರುವಿ ಹಾಕಿ ಸಪಾಟು ಮಾಡುತ್ತೇನೆ. ಮತ್ತೆ 250 ಹರ್ಟ್ಸ್‌ನಿಂದ ಕೆಳಗೆ ಮಾತ್ರ ಏರಿಸುತ್ತೇನೆ. ಕಂಬಳಿ ಸರಿಯುತ್ತದೆ, ಜೊತೆಗೆ ಸುಯ್ ಸದ್ದೂ ಹೆಚ್ಚುತ್ತದೆ. ಅದನ್ನು ಕಂಡು ನಾಯ್ಸ್ ರಿಡಕ್ಷನ್‌ಗೆ ಕೈ ಹಾಕಬೇಡಿ. ಮೊದಲ ಸಲ ನಾನು ಹಾಕಿದಾಗ ಸುಯ್ ಹೋಯಿತು, ಜೊತೆಗೆ ತಂಬೂರಿಯೂ ಹೋಯಿತು. ಆ ಪ್ಲೇಟುಗಳಲ್ಲಿ ತಂಬೂರಿ ಕೂತಿರುವುದೇ ಸುಯ್ ಒಳಗೆ. ಗಾಯಕರು ಖಾಲಿ ಕೋಣೆಯಲ್ಲಿ ಒಬ್ಬರೇ ನಿಂತ ಹಾಗೆ ಆಗಿತ್ತು. ಈಗ ದೊಡ್ಡ ಟಕ್‌ಗಳನ್ನಷ್ಟೇ ಕೈಯಿಂದ ತೆಗೆಯುತ್ತೇನೆ. ಮೂರು ನಿಮಿಷದ ಹಾಡಿಗೆ ಒಂದು ಸಂಜೆ ಬೇಕು.

ಇನ್ನು ಗಾಂಧಾರಿಯ ಕಥೆ. ಪೆಟ್ಟಿಗೆಯಲ್ಲಿ ಗಂಗೂಬಾಯಿ ಹಾನಗಲ್ಲರದೊಂದು ಪ್ಲೇಟು ಇತ್ತು. ಮೊದಮೊದಲು ಎಚ್‌ಎಂವಿಯವರು ಅವರ ಪ್ಲೇಟುಗಳನ್ನು ಗಾಂಧಾರಿ ಎಂಬ ಹೆಸರಿನಲ್ಲಿ ತಂದಿದ್ದರು. ಅತ್ತೆಗೆ ಕೇಳಿಸಿದೆ. "ಇದು ಅವರಲ್ಲ ಮಾರಾಯ, ಯಾರೋ ಸಣ್ಣ ಹುಡುಗಿ" ಎಂದರು. ನನಗೂ ಹಾಗೇ ಅನಿಸಿತು. ಪ್ಲೇಟಿನ ರೆಕಾರ್ಡಿಂಗಿಗೆ ವಿದ್ಯುತ್ ಮೈಕ್ 1925ರಲ್ಲಿ ಬಂತು. ಅದಕ್ಕೂ ಹಿಂದಿನ ಪ್ಲೇಟುಗಳಲ್ಲಿ ವೇಗಕ್ಕೆ ನೇಮ ಇರಲಿಲ್ಲ ಎಂದು ಓದಿದ್ದೆ. ಇದೂ ಹಾಗೇ ಇರಬೇಕು ಅಂದುಕೊಂಡು ಪಿಚ್ ಗುಂಡಿಯನ್ನು ಕೆಳಗೆಳೆದೆ. ಶೇಕಡಾ 8, ಅಂದರೆ ಸುಮಾರು 72 ಸುತ್ತು. ದನಿ ದಪ್ಪವಾಯಿತು. ಅತ್ತೆ, "ಹಾಂ, ಈಗ ಬಂದ್ರು" ಎಂದರು. ಅದನ್ನೇ ಫೈಲ್ ಮಾಡಿ ಅವರ ಫೋನಿಗೆ ಹಾಕಿದೆ.

ಎರಡು ವಾರ ಕಳೆದು ಕೇಳಿದಾಗ ತಬಲಾ ಕಿರಿಕಿರಿ ಮಾಡಿತು. ಮಳೆಯಲ್ಲಿ ನೆಂದ ತಬಲಾದಂತೆ ಜೋಲು ಬಿದ್ದಿತ್ತು. ಹಾರ್ಮೋನಿಯಂ ತೆಗೆದು ಷಡ್ಜ ಹುಡುಕಿದೆ. ಹಾರ್ಮೋನಿಯಂನ ಎರಡು ಮನೆಗಳ, ಅಂದರೆ ಎರಡು ಕೀಲಿಗಳ, ನಡುವೆ ಸಿಕ್ಕಿಕೊಂಡಿತ್ತು. ಒಂದು ಮನೆ ಇಳಿಯಲು ವೇಗ ಸುಮಾರು ಶೇಕಡಾ 6 ಇಳಿಯಬೇಕು. ನಾನು ಇಳಿಸಿದ್ದು 8. ಹಾಗಾಗಿ ಎಲ್ಲಿಯೂ ಕೂರಲಿಲ್ಲ. 78ಕ್ಕೆ ಏರಿಸಿದರೆ ಬಂದು ಮನೆಯ ಮೇಲೆ ಕೂತಿತು. ಅದೇ ಕಾಲದ ಬೇರೆ ಎಚ್‌ಎಂವಿ ಪ್ಲೇಟುಗಳೂ 78ರಲ್ಲೇ ಸರಿ ಕೂರುತ್ತಿದ್ದವು. 77 ಗೆರೆಯ ಕಾಗದದ ಚಕ್ರ ಇಟ್ಟು ವೇಗವನ್ನೂ ನೋಡಿದೆ. ನಮ್ಮ 50 ಹರ್ಟ್ಸ್ ಕರೆಂಟಿನ ದೀಪದಲ್ಲಿ ಗೆರೆ ನಿಂತ ಹಾಗೆ ಕಂಡರೆ ವೇಗ 77.92. ನಮ್ಮ ಮನೆಯ ಎಲ್‌ಇಡಿ ಬಲ್ಬಿನಲ್ಲಿ ಇದು ಕಾಣಲೇ ಇಲ್ಲ. ಹಳೇ ಟ್ಯೂಬ್‌ಲೈಟ್ ಇದ್ದ ಪಕ್ಕದ ಮನೆಯ ಪಡಸಾಲೆಗೆ ಟರ್ನ್‌ಟೇಬಲ್ ಹೊತ್ತೆ.

ವೇಗ ಸರಿಯಾಗಿಯೇ ಇತ್ತು. ಗಂಗೂಬಾಯಿಯವರ ಆ ಗಂಡುದನಿ ಬಂದದ್ದು ಆಮೇಲೆ, ಗಂಟಲಿನ ತೊಂದರೆ, ಚಿಕಿತ್ಸೆ ಆದ ಮೇಲೆ. 1913ರಲ್ಲಿ ಹುಟ್ಟಿದವರು ಆ ಪ್ಲೇಟು ಕೊಟ್ಟಾಗ ಇಪ್ಪತ್ತರ ಆಸುಪಾಸು. ಅತ್ತೆ ಹೇಳಿದ ಸಣ್ಣ ಹುಡುಗಿ ಅವರೇ.

ಸರಿಯಾದ ಫೈಲನ್ನು ಅತ್ತೆಗೆ ಕಳಿಸಿದೆ, ಕಾರಣವನ್ನೂ ವಿವರಿಸಿ ಹೇಳಿದೆ. ಪೂರ್ತಿ ಕೇಳಿ, "ಇರಬಹುದಪ್ಪ" ಎಂದರು. ಹೋದ ತಿಂಗಳು ಅವರ ಮನೆಗೆ ಹೋದಾಗ ಅಡುಗೆಮನೆಯಲ್ಲಿ ಫೋನ್ ಹಾಡುತ್ತಿತ್ತು, 72ರ ವೇಗದಲ್ಲೇ.