ಕೆರೆಗೂ ಕಡಲಿಗೂ ಒಂದೇ ಗಾಳ: ಆರಿಸುವುದು ಹೇಗೆ?

ಭಾನುವಾರ ಮೈಸೂರು ಕಡೆಯ ಕೆರೆ, ಹಬ್ಬಕ್ಕೆ ಊರಿಗೆ ಹೋದಾಗ ಕುಂದಾಪುರದ ಕಡಲು. ಹೀಗೆ ಎರಡೂ ಕಡೆ ಗಾಳ ಹಾಕುವವರು ಅಂಗಡಿಗೆ ಹೋದರೆ ಮೊದಲು ಕೇಳಿಸುವ ಮಾತು, ‘ಎರಡು ಸೆಟ್ ತಗೊಳ್ಳಿ ಸಾರ್’. ಅದರಲ್ಲಿ ಸುಳ್ಳೇನಿಲ್ಲ. ದುಡ್ಡು, ಜಾಗ ಎರಡೂ ಇದ್ದವರಿಗೆ ಎರಡು ಸೆಟ್ ಒಳ್ಳೆಯದೇ. ಆದರೆ ಹವ್ಯಾಸಕ್ಕೆ ಮೀನು ಹಿಡಿಯುವವರಿಗೆ ಸರಿಯಾಗಿ ಆರಿಸಿದ ಒಂದೇ ಸೆಟ್ ವರ್ಷಗಟ್ಟಲೆ ಬಾಳುತ್ತದೆ. ಒಂದು ಲೆಕ್ಕ ಮಾತ್ರ ತಲೆಯಲ್ಲಿರಲಿ. ದಾರ ಸುತ್ತುವ ರೀಲನ್ನು ಕಡಲಿಗೆಂದು ಕೊಳ್ಳಿ, ಕೋಲನ್ನು, ಅಂದರೆ ರಾಡನ್ನು, ನದಿ ಕಡಲು ಸೇರುವ ಅಳಿವೆಗೆಂದು ಕೊಳ್ಳಿ.

ಯಾಕೆ ಹೀಗೆ? ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರು ಆರಿದ ಮೇಲೆ ಆ ಉಪ್ಪು ಹರಳಾಗಿ ರೀಲಿನ ಸಂದಿಗಳಲ್ಲಿ ಕೂರುತ್ತದೆ. ಎರಡು ಬೇರೆ ಲೋಹಗಳು ತಾಗಿಕೊಂಡಿರುವ ಕಡೆ ಉಪ್ಪುನೀರು ಸೇರಿದರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ತಯಾರಾಗಿ, ಒಂದು ಲೋಹ ಕರಗತೊಡಗುತ್ತದೆ. ಕಡಲಿಗೆ ತಡೆಯುವ ರೀಲು ಕೆರೆಯಲ್ಲಿ ಆರಾಮಾಗಿ ಓಡುತ್ತದೆ. ಕೆರೆಗೆಂದು ಮಾಡಿದ ಅಗ್ಗದ ರೀಲು ಕಡಲಿಗೆ ಹೋದರೆ ಜಾಸ್ತಿ ದಿನ ಬಾಳುವುದಿಲ್ಲ.

ರಾಡಿನ ಕಥೆ ಬೇರೆ. ಕಾರ್ಬನ್ ಕೋಲಿಗೆ ಉಪ್ಪು ದೊಡ್ಡ ಶತ್ರುವಲ್ಲ. ಅಲ್ಲಿ ನೋಡಬೇಕಾದ್ದು ಉದ್ದ ಮತ್ತು ಬಲ. ನಮ್ಮ ಕರಾವಳಿಯ ಅಳಿವೆಗಳಲ್ಲಿ, ಗಂಗೊಳ್ಳಿಯ ಪಂಚಗಂಗಾವಳಿ ಇರಲಿ, ಕಾರವಾರದ ಕಾಳಿ ಇರಲಿ, ಸಿಗುವ ಕೆಂಬೇರಿ, ಕುರುಡಿಯಂಥ ಮೀನುಗಳಿಗೆ ಸರಿಹೊಂದುವ ರಾಡು ಹಿಂದೆ ಹೋದರೆ ಕೆರೆಯ ಕಾಟ್ಲಾಗೂ ಆಗುತ್ತದೆ, ಮುಂದೆ ಹೋದರೆ ಮರಳದಂಡೆಗೂ ಆಗುತ್ತದೆ. ಅಂದಹಾಗೆ ಕುರುಡಿ, ಅಂದರೆ ಸೀಬಾಸ್, ಸಿಹಿನೀರಲ್ಲೂ ಬೆಳೆದು ಮೊಟ್ಟೆಯಿಡಲು ಅಳಿವೆಗೆ ಇಳಿಯುವ ಮೀನು. ಎರಡೂ ನೀರು ಅದಕ್ಕೆ ಮನೆಯೇ.

ಹಂತ 1: ಏನು ಆಗುವುದಿಲ್ಲ ಅಂತ ಮೊದಲು ತಿಳಿಯಿರಿ

ಒಂದೇ ಸೆಟ್ ಎಲ್ಲವನ್ನೂ ಮಾಡುವುದಿಲ್ಲ. 100 ಗ್ರಾಂ ಮೇಲಿನ ಸೀಸದ ಗುಂಡು ಕಟ್ಟಿ ಅಲೆಗಳ ಆಚೆಗೆ ಎಸೆಯಲು 12 ಅಡಿಯ ಸರ್ಫ್ ರಾಡೇ ಬೇಕು. ದೋಣಿಯಲ್ಲಿ ಆಳಕ್ಕೆ ಇಳಿಸಿ ದೊಡ್ಡ ಮೀನು ಎಳೆಯುವುದೂ ಇದರಿಂದ ಆಗದು. ಎರಡು ಮೂರು ಗ್ರಾಂನ ಪುಟ್ಟ ಲ್ಯೂರ್, ಅಂದರೆ ನಕಲಿ ಮೀನಿನಂಥ ಆಮಿಷ, ಎಸೆಯುವುದಕ್ಕೂ ಇದು ಒರಟಾಯಿತು. ಈ ಮೂರರಲ್ಲಿ ಒಂದೇ ನಿಮ್ಮ ಮುಖ್ಯ ಆಸೆಯಾಗಿದ್ದರೆ ಅದಕ್ಕೆಂದೇ ಬೇರೆ ಕೊಳ್ಳಿ. ಉಳಿದವರು ಮುಂದೆ ಓದಿ.

ಹಂತ 2: ರಾಡು

ಎಂಟು ಅಡಿ, ಎರಡು ತುಂಡು, ಸ್ಪಿನ್ನಿಂಗ್ ರಾಡು, ಅಂದರೆ ರೀಲು ಕೆಳಗಡೆ ಕೂರುವ ಬಗೆಯದು. ಏಳು ಅಡಿಯದು ಕೆರೆಯಲ್ಲಿ ಚುರುಕು, ಆದರೆ ದಂಡೆಯಲ್ಲಿ ನಿಂತಾಗ ಅಲೆ ದಾರವನ್ನು ಹೊಡೆಯುತ್ತಲೇ ಇರುತ್ತದೆ. ಹತ್ತು ಅಡಿಯದನ್ನು ಹಿಡಿದು ಕೆರೆ ಏರಿಯ ಜಾಲಿಮರದ ಕೆಳಗೆ ನಿಂತರೆ ಎಸೆಯಲು ಕೈ ಬೀಸುವ ಜಾಗವೇ ಇರುವುದಿಲ್ಲ. ಎಂಟು ಅಡಿ ಮಧ್ಯದ ದಾರಿ. ಬಿಚ್ಚಿದರೆ ನಾಲ್ಕು ನಾಲ್ಕು ಅಡಿ, ಬಸ್ಸಿನಲ್ಲೂ ಒಯ್ಯಬಹುದು. ಉದ್ದಕ್ಕೆ ಎಳೆದು ಬಿಡಿಸುವ ಟೆಲಿಸ್ಕೋಪಿಕ್ ರಾಡು ಬ್ಯಾಗಿಗೆ ಅನುಕೂಲ ಹೌದು. ಆದರೆ ಅದರ ಕೀಲುಗಳೊಳಗೆ ಮರಳು, ಉಪ್ಪು ಹೊಕ್ಕರೆ ಸಿಕ್ಕಿಹಾಕಿಕೊಳ್ಳುತ್ತದೆ. ಕಡಲಿಗೆ ಬೇಡ ಅನ್ನುವುದೇ ನನ್ನ ಅಭಿಪ್ರಾಯ.

ಹಿಡಿಯ ಮೇಲ್ಗಡೆ ಕೋಲಿನ ಮೇಲೆ ಸಣ್ಣ ಅಕ್ಷರದಲ್ಲಿ ಒಂದಷ್ಟು ಬರೆದಿರುತ್ತದೆ. ಬಣ್ಣ, ಹೆಸರು ನೋಡುವ ಬದಲು ಅದನ್ನು ಓದಿ. ಬಲದ ಜಾಗದಲ್ಲಿ ‘ಎಂಎಚ್’, ಅಂದರೆ ಮೀಡಿಯಂ ಹೆವಿ, ಇರಲಿ. ಎಸೆಯುವ ತೂಕ 10ರಿಂದ 40 ಗ್ರಾಂ ಆಸುಪಾಸು, ದಾರದ ಬಲ 10ರಿಂದ 20 ಪೌಂಡ್ ಇದ್ದರೆ ಸರಿಯಾದ ರಾಡು ಕೈಯಲ್ಲಿದೆ ಅಂತ ಲೆಕ್ಕ.

ಇನ್ನು ದಾರ ಹಾದುಹೋಗುವ ಉಂಗುರಗಳು. ಇವಕ್ಕೆ ಗೈಡ್ ಅನ್ನುತ್ತಾರೆ. ಚೌಕಟ್ಟು ಸ್ಟೇನ್‌ಲೆಸ್ ಸ್ಟೀಲಿನದು, ಒಳಗಿನ ಬಳೆ ಸೆರಾಮಿಕ್ಕಿನದು ಆಗಿರಬೇಕು. ಬಳೆಯಲ್ಲಿ ಕಣ್ಣಿಗೆ ಕಾಣದ ಸೀಳಿದ್ದರೂ ಅದು ದಾರವನ್ನು ಕೊಯ್ಯುತ್ತದೆ. ಪತ್ತೆಹಚ್ಚುವುದು ಸುಲಭ. ಚೂರು ಹತ್ತಿಯನ್ನು ಪ್ರತಿ ಬಳೆಯೊಳಗೂ ಸುತ್ತ ಉಜ್ಜಿ. ಎಳೆ ಸಿಕ್ಕಿಕೊಂಡಿತೋ, ಅಲ್ಲಿ ಸೀಳಿದೆ. ತುದಿಯ ಪುಟ್ಟ ಉಂಗುರವನ್ನಂತೂ ಬಿಡಲೇಬೇಡಿ, ಪೆಟ್ಟು ಬೀಳುವುದು ಅದಕ್ಕೇ ಜಾಸ್ತಿ. ಆಮೇಲೆ ರಾಡನ್ನು ಬಂದೂಕಿನ ಗುರಿ ನೋಡುವವರ ಹಾಗೆ ಕಣ್ಣಿಗೆ ಹಿಡಿದು ಉಂಗುರಗಳೆಲ್ಲ ಒಂದೇ ಸಾಲಿನಲ್ಲಿವೆಯೇ ನೋಡಿ.

ಹಿಡಿ ಫೋಮಿನದಿರಲಿ, ಒದ್ದೆ ಕೈಗೂ ಜಾರದು, ತೊಳೆಯಲೂ ಸುಲಭ. ಒಂದು ಎಚ್ಚರಿಕೆಯ ಮಾತು: ಕಾರ್ಬನ್ ರಾಡಿನಲ್ಲಿ ಕರೆಂಟು ಹರಿಯುತ್ತದೆ. ಕೆರೆಯ ಮೇಲೆ ವಿದ್ಯುತ್ ತಂತಿ ಹಾದುಹೋಗಿರುವ ಕಡೆ ಎಸೆಯಲೇಬಾರದು. ಗುಡುಗು ಕೇಳಿಸಿತೋ, ರಾಡು ಕೆಳಗಿಟ್ಟು ಅಲ್ಲಿಂದ ಹೊರಡಿ.

ಹಂತ 3: ರೀಲು

ಕೈಯಲ್ಲಿ ಹತ್ತು ರೂಪಾಯಿ ಇದ್ದರೆ ಆರೇಳು ರೂಪಾಯಿ ಇಲ್ಲಿಗೆ ಇಡಿ. ಗಾತ್ರ 4000. ಕಂಪನಿಯಿಂದ ಕಂಪನಿಗೆ ಈ ಅಂಕಿಯ ಅಳತೆ ಸ್ವಲ್ಪ ಬದಲಾಗುತ್ತದೆ. ಆದ್ದರಿಂದ ಅಂಗಡಿಯಲ್ಲೇ ರೀಲನ್ನು ರಾಡಿಗೆ ಸಿಕ್ಕಿಸಿ ಹಿಡಿದು ನೋಡಿ. ರಾಡಿನ ತುದಿ ನೆಲಕ್ಕೆ ವಾಲುತ್ತಿದ್ದರೆ ಅರ್ಧ ಗಂಟೆಯಲ್ಲಿ ಮಣಿಕಟ್ಟು ನೋಯುವುದು ಗ್ಯಾರಂಟಿ.

ಡಬ್ಬಿಯ ಮೇಲೆ ದೊಡ್ಡದಾಗಿ ‘10 ಬೇರಿಂಗ್’, ‘12 ಬೇರಿಂಗ್’ ಅಂತಿರುತ್ತದೆ. ಇದಕ್ಕೆ ಮರುಳಾಗಬೇಡಿ. ತುಕ್ಕು ಹಿಡಿಯುವ ಹನ್ನೆರಡು ಬೇರಿಂಗಿಗಿಂತ ಉಪ್ಪಿಗೆ ತಡೆಯುವ ನಾಲ್ಕೈದು ಮೇಲು. ಕೇಳಬೇಕಾದ ಪ್ರಶ್ನೆ, ‘ಬೇರಿಂಗ್ ಎಷ್ಟು?’ ಅಂತಲ್ಲ, ‘ಸಾಲ್ಟ್‌ವಾಟರಿಗೆ ಆಗುತ್ತಾ, ಡ್ರ್ಯಾಗ್ ಸೀಲ್ ಆಗಿದೆಯಾ?’ ಅಂತ. ಡ್ರ್ಯಾಗ್ ಅಂದರೇನು ಅಂತ ಮುಂದೆ ಬರುತ್ತದೆ, ಸೀಲ್ ಅಂದರೆ ಅದರೊಳಗೆ ನೀರು ಹೋಗದಂತೆ ಮುಚ್ಚಿರುವುದು. ಕೆಲವು ರೀಲುಗಳ ಮೇಲೆ ಐಪಿಎಕ್ಸ್5, ಐಪಿಎಕ್ಸ್6 ಎಂಬ ಗುರುತಿರುತ್ತದೆ. ನೀರಿನ ಧಾರೆಯನ್ನು ತಡೆದುಕೊಳ್ಳುತ್ತದೆ ಎಂದಷ್ಟೇ ಅದರ ಅರ್ಥ. ನೀರಲ್ಲಿ ಮುಳುಗಿಸಬಹುದು ಅಂದುಕೊಳ್ಳಬೇಡಿ. ಮೆಗ್ನೀಸಿಯಂ ಮೈಯ ರೀಲು ಹಗುರ, ಆದರೆ ಮೇಲಿನ ಬಣ್ಣ ಕೆರೆದು ಹೋದರೆ ಉಪ್ಪು ಅದನ್ನು ಬೇಗ ತಿನ್ನುತ್ತದೆ. ಅಲ್ಯೂಮಿನಿಯಂ ಅಥವಾ ಗಟ್ಟಿ ಗ್ರಾಫೈಟ್ ಮೈ ಸಾಕು.

ಎಲ್ಲಕ್ಕಿಂತ ಮೊದಲು ಕೈಕೊಡುವ ಭಾಗ ಯಾವುದು ಗೊತ್ತಾ? ರೀಲಿನ ಮುಂದೆ ಮಡಚಿ ತೆರೆಯುವ ಬೇಲ್ ಕಂಬಿಯ ತುದಿಯಲ್ಲಿ, ದಾರ ತಿರುಗಿ ಒಳಗೆ ಬರುವ ಕಡೆ ಇರುವ ಕಡಲೆಕಾಳಿನಷ್ಟು ಉರುಳೆ. ಇದಕ್ಕೆ ಲೈನ್ ರೋಲರ್ ಅನ್ನುತ್ತಾರೆ. ಒದ್ದೆ ದಾರ ಉಪ್ಪನ್ನು ನೇರ ಇಲ್ಲಿಗೇ ತಂದು ಸುರಿಯುತ್ತದೆ. ಉರುಳೆ ನಿಂತುಹೋದರೆ ದಾರ ಅದರ ಮೇಲೆ ಉಜ್ಜಿ ಉಜ್ಜಿ ಸವೆಯುತ್ತದೆ. ಅಂಗಡಿಯಲ್ಲಿ ಬೆರಳ ತುದಿಯಿಂದ ಅದನ್ನು ತಿರುಗಿಸಿ ನೋಡಿ, ಸರಾಗವಾಗಿ ಸುತ್ತಬೇಕು.

ಆಮೇಲೆ ಡ್ರ್ಯಾಗ್. ಮೀನು ಜೋರಾಗಿ ಎಳೆದಾಗ ದಾರ ಹರಿಯದಂತೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುವ ವ್ಯವಸ್ಥೆ ಇದು. ಅಂಗಡಿಯವರ ಹತ್ತಿರ ರೀಲಿಗೆ ಸ್ವಲ್ಪ ದಾರ ಸುತ್ತಿಸಿ, ಡ್ರ್ಯಾಗ್ ಅರ್ಧ ಬಿಗಿ ಮಾಡಿ, ಕೈಯಿಂದ ನಿಧಾನಕ್ಕೆ ಎಳೆಯಿರಿ. ಒಂದೇ ಸಮನೆ ಬರಬೇಕು. ನಿಂತು, ಜಗ್ಗಿ, ನಿಂತು, ಜಗ್ಗಿ ಬರುತ್ತಿದ್ದರೆ ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ ಅನ್ನಿ. ಮೀನು ತಪ್ಪುವುದು ಆ ಒಂದು ಜಗ್ಗಾಟದಲ್ಲೇ.

ಹಂತ 4: ದಾರ, ಮತ್ತು ಇನ್ನೊಂದು ಸ್ಪೂಲ್

ಕೆರೆಗೂ ಕಡಲಿಗೂ ನಿಜವಾದ ವ್ಯತ್ಯಾಸ ಇರುವುದು ದಾರದಲ್ಲಿ. ಹಾಗಾಗಿ ರೀಲಿನ ಜೊತೆ ಇನ್ನೊಂದು ಸ್ಪೂಲ್, ಅಂದರೆ ದಾರ ಸುತ್ತಿರುವ, ಬಿಚ್ಚಿ ಬದಲಿಸಬಹುದಾದ ಗಾಲಿ, ತೆಗೆದುಕೊಳ್ಳಿ. ಕೊಳ್ಳುವ ಮುಂಚೆಯೇ ‘ಇದಕ್ಕೆ ಬಿಡಿ ಸ್ಪೂಲ್ ಸಿಗುತ್ತಾ?’ ಅಂತ ಕೇಳಿ. ಸಿಗದಿದ್ದರೆ ಬೇರೆ ಮಾಡೆಲ್ ನೋಡುವುದೇ ಲೇಸು.

ಒಂದು ಸ್ಪೂಲಿಗೆ 20 ಪೌಂಡ್ ಬ್ರೇಡ್, ಅಂದರೆ ಹೆಣೆದ ದಾರ. ಇದು ಅಷ್ಟೇ ಬಲದ ನೈಲಾನಿನ ಅರ್ಧದಷ್ಟೇ ದಪ್ಪ, ಆದ್ದರಿಂದ ದೂರ ಹೋಗುತ್ತದೆ. ಇದು ಕಡಲಿಗೆ, ಅಳಿವೆಗೆ, ಜೊಂಡಿನ ನಡುವೆ ಕೊರವ ಮೀನು ಹಿಡಿಯುವುದಕ್ಕೆ. ಬ್ರೇಡನ್ನು ಬರೀ ಸ್ಪೂಲಿಗೆ ಕಟ್ಟಿದರೆ ಗುಂಪಾಗಿ ಜಾರುತ್ತದೆ. ಮೊದಲು ಅಡಿಗೆ ಕೆಲವು ಸುತ್ತು ನೈಲಾನ್ ಸುತ್ತಿ, ಅದಕ್ಕೆ ಬ್ರೇಡ್ ಗಂಟು ಹಾಕಿ. ಮುಂದಿನ ತುದಿಗೆ 30 ಪೌಂಡಿನ ದಪ್ಪ ನೈಲಾನ್ ಅಥವಾ ಫ್ಲೋರೋಕಾರ್ಬನ್ ಲೀಡರ್, ಅಂದರೆ ಕೊಕ್ಕೆಯ ಹತ್ತಿರದ ಗಟ್ಟಿ ದಾರದ ತುಂಡು, ಬೇಕೇ ಬೇಕು. ಕುರುಡಿಯ ಕಿವಿರು ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ. ಕೆಂಬೇರಿಯೋ, ಕಚ್ಚಿದ ಕೂಡಲೇ ಕಲ್ಲಿನ ಸಂದಿಗೆ, ಅಳಿವೆಯ ಕಾಂಡ್ಲಾ ಗಿಡಗಳ ಬೇರಿನೊಳಕ್ಕೆ ನುಗ್ಗುತ್ತದೆ. ತೆಳು ಬ್ರೇಡ್ ಅಲ್ಲಿ ಉಳಿಯದು.

ಇನ್ನೊಂದು ಸ್ಪೂಲಿಗೆ 12 ಪೌಂಡ್ ನೈಲಾನ್. ಹಿಟ್ಟಿನುಂಡೆಯಲ್ಲಿ ಗೆಂಡೆ, ಕಾಟ್ಲಾ, ರೋಹು ಹಿಡಿಯುವವರಿಗೆ ಇದೇ ಸರಿ. ನೈಲಾನ್ ಹಿಗ್ಗುತ್ತದೆ, ಮೆತ್ತಗಿನ ಬಾಯಿಂದ ಕೊಕ್ಕೆ ಕಿತ್ತು ಬರುವುದಿಲ್ಲ. ಎರಡೂ ಸ್ಪೂಲುಗಳಲ್ಲಿ ದಾರ ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗಿರಲಿ. ಕಡಿಮೆಯಾದರೆ ದೂರ ಹೋಗದು, ಜಾಸ್ತಿಯಾದರೆ ಗೋಜಲು.

ಹಂತ 5: ಡ್ರ್ಯಾಗ್ ಹೊಂದಿಸುವುದು

ದಾರದ ಬಲದ ಕಾಲು ಭಾಗಕ್ಕೆ ಹೊಂದಿಸಿ. 20 ಪೌಂಡ್ ಅಂದರೆ ಸುಮಾರು 9 ಕಿಲೋ, ಕಾಲು ಭಾಗ ಎರಡು ಕಿಲೋ ಚಿಲ್ಲರೆ. ಲಗೇಜ್ ತೂಗುವ ಸಣ್ಣ ತಕ್ಕಡಿಗೆ ದಾರದ ತುದಿ ಕಟ್ಟಿ, ರಾಡು ಬಗ್ಗಿಸಿ ಎಳೆಯಿರಿ. ಆ ಅಂಕಿ ಬಂದಾಗ ದಾರ ಬಿಚ್ಚಿಕೊಳ್ಳಲು ಶುರುವಾದರೆ ಸರಿ. ಸ್ಪೂಲ್ ಬದಲಿಸಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು.

ಹಂತ 6: ತೊಳೆಯುವುದು

ಕಡಲಿನಿಂದ ಬಂದ ಅದೇ ದಿನ. ನಾಳೆ ಅಂದರೆ ಉಪ್ಪು ಹರಳಾಗಿರುತ್ತದೆ. ಮೊದಲು ಡ್ರ್ಯಾಗ್ ಪೂರ್ತಿ ಬಿಗಿ ಮಾಡಿ, ಒಳಗಿನ ವಾಷರುಗಳಿಗೆ ನೀರು ಹೋಗಬಾರದು. ಆಮೇಲೆ ಸಿಹಿನೀರನ್ನು ಮೆಲ್ಲಗೆ ಸುರಿಯಿರಿ. ಪೈಪಿನ ಬಾಯಿ ಒತ್ತಿ ಜೋರಾಗಿ ಬಿಟ್ಟರೆ ಉಪ್ಪು ಹೊರಗೆ ಬರುವ ಬದಲು ಒಳಗೇ ನುಗ್ಗುತ್ತದೆ. ಬಕೆಟ್ಟಿನಲ್ಲಿ ಮುಳುಗಿಸುವುದೂ ಬೇಡ. ರಾಡಿನ ಉಂಗುರಗಳ ಕಾಲು, ರೀಲು ಕೂರುವ ಜಾಗ ಒರೆಸಿ. ನೆರಳಲ್ಲಿ ಒಣಗಿಸಿ, ಲೈನ್ ರೋಲರಿಗೂ ಹಿಡಿಕೆಯ ಬುಡಕ್ಕೂ ಒಂದೊಂದು ಹನಿ ರೀಲ್ ಆಯಿಲ್ ಬಿಡಿ. ಕೊನೆಗೆ ಡ್ರ್ಯಾಗ್ ಸಡಿಲ ಮಾಡಿ ಎತ್ತಿಡಿ, ವಾಷರುಗಳು ಅದುಮಿ ಕೂರುವುದಿಲ್ಲ.

ಎಸೆಯುವ ಮುಂಚೆ

ರಾಜ್ಯದ ಅನೇಕ ಕೆರೆಗಳು ಮೀನುಗಾರಿಕೆಗೆ ಗುತ್ತಿಗೆಗೆ ಹೋಗಿರುತ್ತವೆ. ಏರಿಯ ಮೇಲೆ ನಿಲ್ಲುವ ಮುಂಚೆ ಗುತ್ತಿಗೆದಾರರನ್ನೋ ಸಹಕಾರ ಸಂಘದವರನ್ನೋ ಒಂದು ಮಾತು ಕೇಳಿ. ಕಾವೇರಿ ವನ್ಯಜೀವಿಧಾಮದೊಳಗೆ ಗಾಳ ಹಾಕುವಂತಿಲ್ಲ. ಅಲ್ಲಿನ ಡುಬ್ಬದ ಮಹಶೀರ್ ಮೀನು ಅಳಿವಿನಂಚಿಗೆ ಬಂದು ನಿಂತಿದೆ. ಬೇರೆಲ್ಲಾದರೂ ಮಹಶೀರ್ ಆಕಸ್ಮಿಕವಾಗಿ ಸಿಕ್ಕಿದರೆ ನೀರಿನಲ್ಲೇ ಕೊಕ್ಕೆ ಬಿಡಿಸಿ ಬಿಟ್ಟುಬಿಡಿ. ಮಳೆಗಾಲದಲ್ಲಿ ಕಡಲ ಬಂಡೆಗಳ ಸಹವಾಸ ಬೇಡ. ಆ ತಿಂಗಳುಗಳಿಗೆ ನೈಲಾನ್ ಸ್ಪೂಲ್ ಹಾಕಿಕೊಂಡು ಕೆರೆಯ ಕಡೆ ನಡೆಯಿರಿ.